ಪೂಣಚ್ಚರೆಲ್ಲ ಒಂದೇ ಮನೆಯವರೇ?

ಪ್ರಶ್ನೆ: ನಮ್ಮ ಶಾಲೆಯ ಗ್ರಂಥಾಲಯಕ್ಕಾಗಿ, ಪುಸ್ತಕಗಳಲ್ಲಿ, ಚಲನಚಿತ್ರಗಳಲ್ಲಿ ಮತ್ತು ಕಿರುತೆರೆಯಲ್ಲಿ ಹೆಸರಾದ ಕೊಡಗಿನವರ ಪಟ್ಟಿಯೊಂದನ್ನು ಮನೆತನದ ಹೆಸರಿನ ಪ್ರಕಾರ ಸಿದ್ಧಪಡಿಸುತ್ತಿದ್ದೇನೆ. ಸಿ.ಎಂ. ಪೂಣಚ್ಚ ಮತ್ತು ನಟಿ ಹರ್ಷಿಕಾ ಪೂಣಚ್ಚ ಅವರನ್ನು ಒಂದೇ ಮನೆತನದಡಿ ಸೇರಿಸಬಹುದೇ?
– ಓದುಗರೊಬ್ಬರು, ಗೋಣಿಕೊಪ್ಪಲು

ಉತ್ತರ: ದಯವಿಟ್ಟು ಸೇರಿಸಬೇಡಿ. ಪೂಣಚ್ಚ ಎಂಬುದು ಮನೆತನದ ಹೆಸರಲ್ಲ, ಗಂಡುಮಕ್ಕಳಿಗೆ ಇಡುವ ಹೆಸರು. ಕೊಡಗು ಪ್ರತ್ಯೇಕ ರಾಜ್ಯವಾಗಿದ್ದಾಗ, 1952ರಿಂದ 1956ರವರೆಗೆ ಮುಖ್ಯಮಂತ್ರಿಯಾಗಿದ್ದ ಸಿ.ಎಂ. ಪೂಣಚ್ಚನವರು ಚೆಪ್ಪುಡೀರ ಒಕ್ಕದವರು (ಕೊಡವರಲ್ಲಿ ಒಕ್ಕವೆಂದರೆ ಮನೆತನ). ಹರ್ಷಿಕಾ ಅವರು ಉದ್ದಪಂಡ ಒಕ್ಕದವರು, ಅವರ ಹೆಸರಿನ ಕೊನೆಯಲ್ಲಿರುವುದು ತಂದೆಯ ಹೆಸರು. ಕೊಡವರಲ್ಲಿ ಮನೆತನವನ್ನು ತಿಳಿಸುವುದು ಹೆಸರಿನ ಬಾಲವಲ್ಲ, ತಲೆ. ‘ಅಂಡ’ ಅಥವಾ ‘ಇರ’ ಎಂದು ಮುಗಿಯುವ ಒಕ್ಕದ ಹೆಸರು ಮೊದಲು ಬಂದು, ಅದರ ಹಿಂದೆ ತಂದೆಯ ಹೆಸರೂ ಕೊನೆಗೆ ಸ್ವಂತ ಹೆಸರೂ ಬರುವುದು ಹಳೆಯ ಪದ್ಧತಿ. ಶಾಲಾ ದಾಖಲೆಗಳಲ್ಲಿ ಮೊದಲ ಎರಡೂ ಇನಿಷಿಯಲ್ಲಿಗೆ ಇಳಿದವು. ಮುಂದೆ ಅರ್ಜಿ ನಮೂನೆಗಳು ‘ಸರ್‌ನೇಮ್’ ಕೇಳತೊಡಗಿದಾಗ ಆ ಜಾಗದಲ್ಲಿ ಅನೇಕರು ತಂದೆಯ ಹೆಸರನ್ನು ಬರೆದರು.

ಈ ಗೊಂದಲ ಎಷ್ಟು ದೂರ ಒಯ್ಯುತ್ತದೆ ಎಂಬುದಕ್ಕೆ ಇಬ್ಬರು ಸೇನಾನಿಗಳ ಹೆಸರೇ ಸಾಕು. 1949ರಲ್ಲಿ ಭಾರತೀಯ ಸೇನೆಯ ಮುಖ್ಯಸ್ಥರಾದ ಕೆ.ಎಂ. ಕಾರ್ಯಪ್ಪ ಮತ್ತು 1957ರಲ್ಲಿ ಅದೇ ಹುದ್ದೆಗೇರಿದ ಕೆ.ಎಸ್. ತಿಮ್ಮಯ್ಯ, ಇಬ್ಬರ ಹೆಸರಿನ ‘ಕೆ’ಯೂ ಕೊಡಂದೇರ. ಕೊನೆಯ ಹೆಸರನ್ನೇ ನಂಬಿ ಹೊರಟರೆ ಒಂದೇ ಒಕ್ಕದ ಈ ಇಬ್ಬರು ನಿಮ್ಮ ಪಟ್ಟಿಯಲ್ಲಿ ಎರಡು ಮೂಲೆಗೆ ಹೋಗುತ್ತಾರೆ. ಬೇರೆ ಬೇರೆ ಒಕ್ಕದ ಪೂಣಚ್ಚರು ಮಾತ್ರ ಅಣ್ಣ-ತಂಗಿಯರಂತೆ ಒಟ್ಟಿಗೆ ಕುಳಿತಿರುತ್ತಾರೆ! ಒಂದೇ ಒಕ್ಕದೊಳಗೆ ಮದುವೆ ನಿಷಿದ್ಧವಾಗಿರುವುದರಿಂದ ಈ ವ್ಯತ್ಯಾಸ ನಮ್ಮಲ್ಲಿ ಬರಿಯ ಪಟ್ಟಿಯ ವಿಷಯವಲ್ಲ ಎಂಬುದು ನಿಮಗೂ ತಿಳಿದಿದೆ.

ಪುಸ್ತಕಗಳ ವಿಷಯದಲ್ಲಿ ಕೆಲಸ ಸುಲಭ. 1924ರಲ್ಲಿ ಕೊಡವ ಜನಪದ ಹಾಡುಗಳ ಸಂಗ್ರಹವಾದ ‘ಪಟ್ಟೋಲೆ ಪಳಮೆ’ಯನ್ನು ಪ್ರಕಟಿಸಿದ ನಡಿಕೇರಿಯಂಡ ಚಿಣ್ಣಪ್ಪನವರಂತೆ ಹಿಂದಿನ ಲೇಖಕರು ಒಕ್ಕದ ಹೆಸರನ್ನು ಪೂರ್ತಿಯಾಗಿ ಬರೆಯುತ್ತಿದ್ದರು, ಇಲ್ಲವೇ ಐ.ಮಾ. ಮುತ್ತಣ್ಣನವರಂತೆ ಮೊದಲಕ್ಷರದಲ್ಲಿ ಉಳಿಸಿಕೊಳ್ಳುತ್ತಿದ್ದರು. ಆ ‘ಐ’ ಎಂದರೆ ಐಚೆಟ್ಟಿರ. ತೆರೆಯ ಮೇಲಿನ ಹೆಸರುಗಳಿಗೆ ಮಾತ್ರ ಒಂದು ನಿಯಮವಿಲ್ಲ. ರಶ್ಮಿಕಾ ಅವರ ‘ಮಂದಣ್ಣ’ ಗಂಡಸಿನ ಹೆಸರು, ವರ್ಷಾ ಅವರ ‘ಬೊಳ್ಳಮ್ಮ’ ಹೆಂಗಸಿನ ಹೆಸರು. ಬಿಗ್ ಬಾಸ್‌ನಲ್ಲಿ ಕಾಣಿಸಿಕೊಂಡ ನಟಿ ಕೃಷಿ ಅವರ ‘ತಾಪಂಡ’ವಾದರೋ ಒಕ್ಕದ ಹೆಸರೇ ಆಗಿದ್ದು, ಮುಂದಿರಬೇಕಾದದ್ದು ಹಿಂದಕ್ಕೆ ಬಂದಿದೆ. ಆದ್ದರಿಂದ ಪಟ್ಟಿಯನ್ನು ಸ್ವಂತ ಹೆಸರಿನ ಅಕಾರಾದಿಯಲ್ಲಿ ಮಾಡಿ, ಒಕ್ಕಕ್ಕೆ ಪಕ್ಕದಲ್ಲಿ ಬೇರೆಯೇ ಒಂದು ಕಲಂ ಇಡಿ. ಖಚಿತವಾಗಿ ತಿಳಿಯದ ಕಡೆ ಅದನ್ನು ಖಾಲಿ ಬಿಡುವುದು ಊಹಿಸಿ ತುಂಬುವುದಕ್ಕಿಂತ ಮೇಲು. ಕೊಡಗಿನವರೆಲ್ಲ ಕೊಡವರಲ್ಲ ಎಂಬುದನ್ನೂ ಮರೆಯಬೇಡಿ. 1837ರಲ್ಲಿ ಮಡಿಕೇರಿಯಲ್ಲಿ ಗಲ್ಲಿಗೇರಿದ ಗುಡ್ಡೆಮನೆ ಅಪ್ಪಯ್ಯ ಗೌಡರ ಹೆಸರಿನಲ್ಲಿಯೂ ಮನೆಯೇ ಮೊದಲು ಬರುತ್ತದೆ, ಆದರೆ ಅವರು ಅರೆಭಾಷೆ ಗೌಡರು.

ಪ್ರಶ್ನೆ: ಕೊಡವ ಕೌಟುಂಬಿಕ ಹಾಕಿಯನ್ನು ಟಿ.ವಿ.ಯಲ್ಲಿ ನೋಡುವಾಗ ತಂಡದ ಹೆಸರು ಯಾವ ಆಟಗಾರನ ಹೆಸರಿನ ಕೊನೆಯಲ್ಲಿಯೂ ಕೇಳಿಸುವುದಿಲ್ಲವೇಕೆ?
– ಓದುಗರೊಬ್ಬರು, ಕುಶಾಲನಗರ

ಉತ್ತರ: ಮೇಲಿನ ಕಾರಣಕ್ಕೇ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟುಂಬದವರು ಆರಂಭಿಸಿದ ಈ ಪಂದ್ಯಾವಳಿಯಲ್ಲಿ ಒಕ್ಕವೇ ತಂಡ. 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದ ಕುಂಡ್ಯೋಳಂಡ ಕಪ್‌ಗೆ 360 ಒಕ್ಕಗಳು ಹೆಸರು ನೋಂದಾಯಿಸಿದ್ದವು. ಆಟಗಾರರನ್ನು ಕರೆಯುವುದು ಸ್ವಂತ ಹೆಸರಿನಿಂದ. ಹೀಗಾಗಿ ಒಂದೇ ತಂಡದಲ್ಲಿ ಇಬ್ಬರು ಬೋಪಣ್ಣರಿದ್ದು, ಅವರಿಂದ ಚೆಂಡು ಕಸಿದುಕೊಳ್ಳುವ ಎದುರಾಳಿಯೂ ಬೋಪಣ್ಣನೇ ಆಗಿರಬಹುದು.