ತೂಕ ಇಳಿಸುವ ಸರ್ಜರಿ ಆದ ಮೇಲೆ ಹಲ್ಲು ಹಾಳಾಗುತ್ತಾ?

ಮುಂದಿನ ತಿಂಗಳು ನಿಮಗೆ ಸ್ಲೀವ್ ಸರ್ಜರಿ, ಆಮೇಲೆ ಹಲ್ಲೆಲ್ಲ ಹಾಳಾಗುತ್ತೆ ಅಂತ ಪರಿಚಯದವರೊಬ್ಬರು ಹೆದರಿಸಿದ್ದಾರೆ, ನಿಜವಾ ಅಂತ ಕೇಳಿದ್ದೀರಿ. ಹಾಳಾಗಲೇಬೇಕು ಅಂತೇನಿಲ್ಲ. ಆದರೆ ನನ್ನವು ಹಾಳಾದವು. ಮೊದಲೇ ಯಾರಾದರೂ ಹೇಳಿದ್ದರೆ ಬಹಳಷ್ಟು ಉಳಿಸಿಕೊಳ್ಳಬಹುದಿತ್ತು, ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ನನಗೆ ಇದೇ ಸರ್ಜರಿ ಆಗಿ ನಾಲ್ಕು ವರ್ಷ. 112 ಕೆಜಿ ಇದ್ದವಳು 74ಕ್ಕೆ ಬಂದೆ. ಮೊಣಕಾಲು ನೋವು ಹೋಯಿತು, ಶುಗರ್ ಮಾತ್ರೆ ನಿಂತಿತು, ನಾನು ಪಾಠ ಮಾಡುವ ಶಾಲೆಯ ಎರಡನೇ ಮಹಡಿಗೆ ಎಲ್ಲೂ ನಿಲ್ಲದೆ ಹತ್ತುತ್ತೇನೆ. ಮಾಡಿಸಿಕೊಂಡದ್ದಕ್ಕೆ ಒಂದು ದಿನವೂ ಬೇಸರಪಟ್ಟಿಲ್ಲ. ಸರ್ಜರಿಗೆ ಮುಂಚೆ ಹೃದಯ, ಥೈರಾಯ್ಡ್, ಎಂಡೋಸ್ಕೋಪಿ ಎಲ್ಲ ಆಯಿತು. ಹಲ್ಲು ತೋರಿಸಿಕೊಂಡು ಬನ್ನಿ ಅಂತ ಮಾತ್ರ ಯಾರೂ ಹೇಳಲಿಲ್ಲ, ನನಗೂ ಹೊಳೆಯಲಿಲ್ಲ.

ಸ್ಲೀವ್‌ನಲ್ಲಿ ಜಠರದ ಮುಕ್ಕಾಲು ಭಾಗ ತೆಗೆದುಬಿಡುತ್ತಾರೆ. ಉಳಿಯುವುದು ಬಾಳೆಹಣ್ಣಿನ ಆಕಾರದ ಒಂದು ಕೊಳವೆ. ಒಂದು ತುತ್ತು ಹೆಚ್ಚಾದರೂ, ಸರಿಯಾಗಿ ಅಗಿಯದಿದ್ದರೂ ವಾಂತಿ. ಮೊದಲ ಆರು ತಿಂಗಳು ನನಗೆ ವಾರಕ್ಕೆ ಮೂರು ಸಲವಾದರೂ ಆಗುತ್ತಿತ್ತು, ರಾತ್ರಿ ಮಲಗಿದರೆ ಹುಳಿ ಗಂಟಲವರೆಗೆ ಬರುತ್ತಿತ್ತು. ವಾಂತಿಯಾದ ಕೂಡಲೇ ಬ್ರಷ್ ಹಿಡಿದು ಗಸಗಸ ಉಜ್ಜುತ್ತಿದ್ದೆ. ದೊಡ್ಡ ತಪ್ಪು ಅದೇ. ಹೊಟ್ಟೆಯ ಆಸಿಡ್ ತಾಗಿದ ಎನಾಮೆಲ್ ಸ್ವಲ್ಪ ಹೊತ್ತು ಮೆತ್ತಗಿರುತ್ತದೆ, ಆಗ ಉಜ್ಜಿದರೆ ಸವೆಯುತ್ತದೆ, ಸವೆದದ್ದು ಮತ್ತೆ ಬೆಳೆಯುವುದಿಲ್ಲ. ಒಂದು ದಿನ ಮೇಲಿನ ಮುಂದಿನ ಹಲ್ಲುಗಳ ಹಿಂಬದಿಗೆ ನಾಲಿಗೆ ಆಡಿಸಿದರೆ ಗಾಜಿನ ಹಾಗೆ ನುಣುಪು. ಕನ್ನಡಿಯಲ್ಲಿ ನೋಡಿದರೆ ಅಂಚು ಬೆಳಕು ಹಾಯುವಷ್ಟು ತೆಳ್ಳಗಾಗಿತ್ತು.

ಇನ್ನೊಂದು ತಪ್ಪು ನಿಂಬೆಹಣ್ಣಿನದು. ಗಟಗಟ ನೀರು ಕುಡಿಯಲು ಆಗುವುದಿಲ್ಲ, ಬರೀ ನೀರು ಸೇರುತ್ತಲೂ ಇರಲಿಲ್ಲ. ಬಾಟಲಿಗೆ ನಿಂಬೆಹಣ್ಣು ಹಿಂಡಿಕೊಂಡು ದಿನವಿಡೀ ಗುಟುಕರಿಸುತ್ತಿದ್ದೆ. ಅದರ ಜೊತೆ ದಿನಕ್ಕೆ ಆರು ಸಲ ಸ್ವಲ್ಪ ಸ್ವಲ್ಪ ತಿನ್ನುವುದು. ಹುಳಿ ತೊಳೆದು ಹಲ್ಲನ್ನು ಕಾಪಾಡುವುದು ಜೊಲ್ಲು; ಅದಕ್ಕೆ ಬಿಡುವೇ ಸಿಗಲಿಲ್ಲ. ನೀರು ಸಾಲದೆ ಬಾಯಿಯೂ ಒಣಗುತ್ತಿತ್ತು. ಎರಡನೇ ವರ್ಷ ಗೌರಿ ಹಬ್ಬದಲ್ಲಿ ಚಕ್ಕುಲಿ ಕಡಿದೆ, ಎಡಗಡೆ ದವಡೆ ಹಲ್ಲಿನ ಚೂರು ಮುರಿದು ಕೈಗೆ ಬಂತು.

ಅಲ್ಲಿಂದ ಕಷ್ಟದ ಮೇಲೆ ಕಷ್ಟ. ಈ ಸರ್ಜರಿ ಆದವರಿಗೆ ಅಗಿಯುವುದೇ ಅರ್ಧ ಜೀರ್ಣ. ಹಲ್ಲು ನೋಯುತ್ತೆ ಅಂತ ಅರ್ಧ ಅಗಿದು ನುಂಗಿದರೆ ಮತ್ತೆ ವಾಂತಿ, ವಾಂತಿಯಾದರೆ ಹಲ್ಲು ಇನ್ನಷ್ಟು ಸವೆತ. ಕಾಳು, ಕೋಸಂಬರಿ ಬಿಟ್ಟು ಗಂಜಿ, ಬಿಸ್ಕತ್ತಿಗೆ ಇಳಿದೆ. ಪ್ರೋಟೀನ್ ಸಾಲದೆ ಸುಸ್ತು. ಮದುವೆ ಮನೆಯಲ್ಲಿ ಊಟದ ಪಂಕ್ತಿ ತಪ್ಪಿಸಿಕೊಳ್ಳುತ್ತಿದ್ದೆ, ಫೋಟೋಗೆ ತುಟಿ ಬಿಗಿದು ನಿಲ್ಲುತ್ತಿದ್ದೆ. ನಾಲ್ಕು ಜನರ ನಡುವೆ ನೆಮ್ಮದಿಯಾಗಿ ಕೂರಬೇಕು ಅಂತಲೇ ತೂಕ ಇಳಿಸಿಕೊಂಡವಳು ನಾನು. ಆ ದಿನಗಳನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಈಗ ಎರಡು ಹಲ್ಲಿಗೆ ಕ್ಯಾಪ್ ಹಾಕಿಸಿದ್ದೇನೆ. ವಾಂತಿಯಾದರೆ ಒಂದು ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ ಮುಕ್ಕಳಿಸಿ ಉಗಿಯುತ್ತೇನೆ, ಕನಿಷ್ಠ ಅರ್ಧ ಗಂಟೆ ಬ್ರಷ್ ಮುಟ್ಟುವುದಿಲ್ಲ. ಮೆತ್ತನೆಯ ಬ್ರಷ್, ಫ್ಲೋರೈಡ್ ಇರುವ ಪೇಸ್ಟ್, ಊಟಗಳ ನಡುವೆ ಬರೀ ನೀರು. ಚೀಪುವ ವಿಟಮಿನ್ ಮಾತ್ರೆಗಳಲ್ಲಿ ಸಕ್ಕರೆ ಇದೆಯಾ ನೋಡಿಕೊಳ್ಳುತ್ತೇನೆ. ವಾಂತಿ ವಾರಗಟ್ಟಲೆ ನಿಲ್ಲದಿದ್ದರೆ ಸಹಿಸಿಕೊಂಡು ಕೂರಬೇಡಿ, ಸರ್ಜನ್‌ಗೆ ಹೇಳಿ.

ನೋವಿನ ಮಾತ್ರೆ ವಿಷಯ ಮರೆಯಬೇಡಿ. ಹಲ್ಲು ನೋವಿಗೆ ಸಾಮಾನ್ಯವಾಗಿ ಬರೆಯುವ ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂಥವು ಜಠರದಲ್ಲಿ ಹುಣ್ಣು ಮಾಡಬಲ್ಲವು. ತೂಕ ಇಳಿಸಲು ಮಾಡುವ ಇನ್ನೊಂದು ಸರ್ಜರಿ, ಜಠರದ ಬೈಪಾಸ್ (ಹೃದಯದ್ದಲ್ಲ) ಆದವರಿಗಂತೂ ಅಪಾಯ ಇನ್ನೂ ಹೆಚ್ಚು. ಹಲ್ಲಿನ ಡಾಕ್ಟರ್‌ಗೆ ಕುರ್ಚಿಯಲ್ಲಿ ಕೂರುವ ಮೊದಲೇ ಸರ್ಜರಿ ವಿಷಯ ತಿಳಿಸಿ.

ನಿಮಗಿನ್ನೂ ಒಂದು ತಿಂಗಳಿದೆ. ಈ ವಾರವೇ ಹೋಗಿ ಎಕ್ಸ್‌ರೇ ತೆಗೆಸಿ, ಹುಳುಕಿದ್ದರೆ ತುಂಬಿಸಿಕೊಳ್ಳಿ. ಕೀಳಿಸಬೇಕಾದ ಹಲ್ಲಿದ್ದರೆ ಈಗಲೇ ಕೀಳಿಸಿ, ಸರ್ಜರಿ ಹೊತ್ತಿಗೆ ಗಾಯ ಮಾಗಿರುತ್ತದೆ.