ಗೋವಿನಜೋಳದ ಎಲಿವೇಟರಿಗೆ ಚೈನ್ ವೀಲ್: ಹಳೇದರ ಮಾದರಿ ಕೊಡಬ್ಯಾಡ್ರಿ, ಚೈನ್ ಅಳದು ಮಾಡಿಸ್ರಿ

ಶಿಗ್ಗಾಂವಿ ಅಣ್ಣಾರ, ನೀವು ಬರದದ್ದು ಓದಿದೆ, ಫೋಟೋನೂ ನೋಡಿದೆ. ಟ್ರೇಲರಿಗೆ ಗೋವಿನಜೋಳ ಏರಿಸೋ ಎಲಿವೇಟರ್, 1440 ಆರ್‌ಪಿಎಂದು 3 ಎಚ್‌ಪಿ ಮೋಟರ್, 10ಕ್ಕ 1ರ ಗೇರ್‌ಬಾಕ್ಸ್, ಗೇರ್‌ಬಾಕ್ಸಿಗೆ 9 ಹಲ್ಲಿನ ಸಣ್ಣ ವೀಲು, ಮ್ಯಾಲಿನ ಶಾಫ್ಟಿಗೆ 27 ಹಲ್ಲಿಂದು, ಆರು ಸೂತಿನ (ಮುಕ್ಕಾಲು ಇಂಚಿನ) ಚೈನು. ಲೋಡ್ ಬಿದ್ದ ಕೂಡ್ಲೇ ಕಟಕಟ ಅಂತ ಹಲ್ಲು ಜಿಗೀತೈತಿ, ಹೊಸಾ ಚೈನ್ ಹಾಕಿದ್ರೂ ಒಂದ ಹಂಗಾಮಿಗೆ ಮುಗೀತು ಅಂದೀರಿ. ಈಗ ಹಳೇ ವೀಲು ಲೇತಿನವ್ರ ಕೈಯಾಗ ಕೊಟ್ಟು ಅಂಥಾದ್ದ ಇನ್ನೊಂದು ಮಾಡಿಸ್ಲೇನು ಅಂತ ಕೇಳೀರಿ.

ಬ್ಯಾಡ್ರಿ. ಫೋಟೋದಾಗ ಹಲ್ಲಿನ ಅಂಚು ನೋಡಿದ್ರ ಗೊತ್ತಾಗತೈತಿ, ಅದು ಪ್ಲೇಟಿನ್ಯಾಗ ಗ್ಯಾಸ್ ಕಟ್ಟರ್‌ನಿಂದ ಕೊಯ್ದು ಗ್ರೈಂಡರ್ ಹೊಡದದ್ದು. ಈಗ ಸವದು ಕೊಕ್ಕಿನಂಗ ಬಾಗೇದ. ಅದರ ಮಾದರಿ ಕೊಟ್ರ ಹುಟ್ಟಿನ ತಪ್ಪು, ಸವೆತದ ತಪ್ಪು ಎರಡೂ ಹೊಸಾದ್ರಾಗ ಬರ್ತಾವ. ಮ್ಯಾಲೆ ಒಬ್ಬರು "ಚೈನ್ ಟೈಟ್ ಮಾಡ್ರಿ, ಜಿಗಿಯೂದು ನಿಲ್ಲತೈತಿ" ಅಂದಾರ. ನಿಲ್ಲತೈತಿ, ಖರೆ. ನಾಕು ದಿನಕ್ಕ ಗೇರ್‌ಬಾಕ್ಸಿನ ಬೇರಿಂಗ್ ಕೂಗಾಕ ಹತ್ತತೈತಿ.

ಚೈನ್ ವೀಲಿನ ಹಲ್ಲು ಚೈನನ್ನ ಹಿಡಕೊಂಡು ಎಳೀತೈತಿ ಅಂತ ನಾವೆಲ್ಲಾ ತಿಳಕೊಂಡಿರ್ತೀವಿ. ಎಳಿಯೂದು ಹಲ್ಲಿನ ತುದಿ ಅಲ್ರಿ, ಎರಡು ಹಲ್ಲಿನ ನಡುವಿನ ಕುಣಿ. ಚೈನಿನ ರೋಲರ್ (ಕೊಂಡಿಯಾಗ ತಿರಗೂ ಉರುಳಿ) ಆ ಕುಣಿಯೊಳಗ ತಳಕ್ಕ ಕುಂತ್ರ ಭಾರ ಹೊರತೈತಿ. ಕುಣಿ ಅಗಲ ಆದ್ರ, ಇಲ್ಲಾ ಕುಣಿಯಿಂದ ಕುಣಿಗೆ ಅಂತರ ಒಂದೊಂದು ಕಡೆ ಒಂದೊಂದು ಆದ್ರ, ರೋಲರ್ ಹಲ್ಲಿನ ಮೈ ಹಿಡದು ಮ್ಯಾಲ ಏರತೈತಿ. ನಿಮಗ ಕೇಳಿಸ್ತಿರೋ ಕಟಕಟ ಅದ. ಹಿಂಗಾಗಿ ವೀಲು ಮಾಡಾಕ ಬೇಕಾದ ಅಳತಿ ಎಲ್ಲಾ ಚೈನಿನ್ಯಾಗ ಅದಾವ: ಪಿಚ್ (ಒಂದು ರೋಲರಿನ ನಡುವಿನಿಂದ ಮುಂದಿನ ರೋಲರಿನ ನಡುವಿನ ತನಕ ಅಂತರ), ರೋಲರಿನ ದಪ್ಪ, ಒಳಗಿನ ಪ್ಲೇಟುಗಳ ನಡುವಿನ ಅಗಲ. ಹೊಸಾ ಚೈನ್ ತಗೊಂಡು ವರ್ನಿಯರ್ ಹಚ್ಚಿ ನೋಡ್ರಿ. ಆರು ಸೂತ್ ಅಂದ್ರ ಪಿಚ್ 19.05 ಮಿಮೀ. ಆದ್ರ ಅಂಗಡಿಯಾಗ ಆರು ಸೂತ್ ಅಂತ ಎರಡು ಥರದ ಚೈನ್ ಕೊಡ್ತಾರ. 12ಬಿ ಅನ್ನೂದ್ರದು ರೋಲರ್ 12.07, ಒಳ ಅಗಲ 11.68. 60 ನಂಬರಿಂದು ರೋಲರ್ 11.91, ಒಳ ಅಗಲ 12.57. ಕಣ್ಣಿಗೆ ಒಂದ ಥರ ಕಾಣ್ತಾವ, ಆದ್ರ 60ಕ್ಕ ಮಾಡಿದ ವೀಲಿನ ಹಲ್ಲು 12ಬಿ ಚೈನಿನ್ಯಾಗ ಬಿಗಿಯಾಗಿ ಉಜ್ಜತೈತಿ. ಪ್ಲೇಟಿನ ಮ್ಯಾಲೆ ನಂಬರ್ ಹೊಡದಿರ್ತಾರ, ಓದ್ರಿ. ನಿಮ್ಮದು 12ಬಿ ಅಂತ ಹಿಡದು ಮುಂದಿಂದು ಬರೀತೇನಿ.

ಮದಲ 9 ಹಲ್ಲಿನ ಮಾತು ಮುಗಸೂಣು. ಗೇರ್‌ಬಾಕ್ಸಿನಿಂದ 144 ಸುತ್ತು ಬರ್ತಾವಲ್ಲ, ಅದಕ್ಕ 9 ಹಲ್ಲಿನ ವೀಲ್ ಹಾಕಿದ್ರ ಚೈನು ಸೆಕೆಂಡಿಗೆ 41 ಸೆಂಟಿಮೀಟರ್ ಓಡತೈತಿ. 3 ಎಚ್‌ಪಿ ಪೂರ್ತಿ ಲೋಡಿನ್ಯಾಗ ಆ ವೇಗಕ್ಕ ಚೈನಿನ ಮ್ಯಾಲೆ ಸುಮಾರು 550 ಕೆಜಿ ಎಳೆತ. ಅದ ಜಾಗಾಕ್ಕ 15 ಹಲ್ಲಿಂದು ಹಾಕಿದ್ರ ವೇಗ 69 ಸೆಂಟಿಮೀಟರ್ ಆಗಿ, ಎಳೆತ 330 ಕೆಜಿಗೆ ಇಳೀತೈತಿ. ಮೋಟರ್ ಅದ, ಚೈನ್ ಅದ, ಕೆಲಸಾನೂ ಅಷ್ಟ! 12ಬಿ ಚೈನ್ ಹರಿಯೂ ಭಾರ 28.9 ಕಿಲೋನ್ಯೂಟನ್, ಅಂದ್ರ 2900 ಕೆಜಿಯ ಹತ್ರ. 550ಕ್ಕ ಐದು ಪಟ್ಟಿನಷ್ಟ ಆಸರ ಸಿಗತೈತಿ, ಜರ್ಕ್ ಹೊಡಿಯೂ ಮಷಿನ್ನಿಗೆ ಅದು ಸಾಲಂಗಿಲ್ಲ. 330ಕ್ಕ ಒಂಬತ್ತು ಪಟ್ಟು ಆತು.

ಇನ್ನೊಂದು ಐತಿ. ಚೈನು ವೀಲಿನ ಮ್ಯಾಲೆ ದುಂಡಗ ಕೂಡಂಗಿಲ್ಲ, ಮೂಲಿ ಮೂಲಿಯಾಗಿ ಕೂಡತೈತಿ. 9 ಹಲ್ಲಂದ್ರ ಒಂಬತ್ತು ಮೂಲಿ. ವೀಲು ಒಂದ ಸಮ ತಿರಗಿದ್ರೂ ಚೈನಿನ ವೇಗ ಪ್ರತಿ ಹಲ್ಲಿಗೊಮ್ಮೆ ನೂರಕ್ಕ 6ರಷ್ಟು ಏರಿ ಇಳೀತೈತಿ. 15ಕ್ಕ ಅದು ನೂರಕ್ಕ 2ರ ಆಸುಪಾಸು. ಪ್ರತಿ ಕೊಂಡಿ ವೀಲಿಗೆ ಬರುವಾಗ, ಬಿಡುವಾಗ 40 ಡಿಗ್ರಿ ಬಾಗೂದರ ಬದ್ಲಿ 24 ಡಿಗ್ರಿ ಬಾಗತೈತಿ. ಪಿನ್ನು, ಅದರ ಮ್ಯಾಲಿನ ಕೊಳವಿ (ಬುಶ್ಶು), ಇವೆರಡರ ಸವೆತ ನಡಿಯೂದು ಆ ಬಾಗುವಾಗ. ಜಾಗಾ ಇದ್ರ 17 ಇನ್ನೂ ಛಲೋ, 13ಕ್ಕಿಂತ ಕೆಳಗಂತೂ ಇಳಿಯಬ್ಯಾಡ್ರಿ.

17 ಬಿಟ್ಟು 15 ಯಾಕ ಹೇಳಾಕತ್ತೇನಿ ಅಂದ್ರ, ಜೋಡಿ ವೀಲಿನ ಸಲುವಾಗಿ. ನಿಮಗ 3ಕ್ಕ 1 ಬೇಕು, 17ಕ್ಕ ಜೋಡಿ 51. ನಮ್ಮ ಕಡೆ ಮಿಲ್ಲಿಂಗ್ ಮಷಿನ್ ಮ್ಯಾಲಿನ ಡಿವೈಡಿಂಗ್ ಹೆಡ್ಡು (ವೀಲನ್ನ ಸಮ ಭಾಗ ಮಾಡಿ ತಿರಗಿಸೂ ಸಾಧನ) 40ಕ್ಕ 1ರದ್ದು, ಹಿಡಿಕಿ 40 ಸುತ್ತು ತಿರಗಿಸಿದ್ರ ವೀಲು ಒಂದು ಸುತ್ತು. ಅದರ ಜೋಡಿ ಬರೂ ಸಾದಾ ಪ್ಲೇಟಿನ್ಯಾಗ 51ರ ತೂತಿನ ಸಾಲು ಇರಂಗಿಲ್ಲ, ಅವ್ರು ಅಂದಾಜಿಗೆ ಮಾಡಿ ಕೊಡ್ತಾರ. 15–45 ಆದ್ರ 18 ತೂತಿನ ಒಂದ ಸಾಲಿನ್ಯಾಗ ಎರಡೂ ಆಗ್ತಾವ: 15 ಹಲ್ಲಿಗೆ ಪೂರ್ತಿ ಎರಡು ಸುತ್ತು ಮ್ಯಾಲ 12 ತೂತು, 45ಕ್ಕ ಬರೇ 16 ತೂತು. ಹುಬ್ಬಳ್ಳಿಯ ಗೋಕುಲ ರೋಡ್ ಇಲ್ಲಾ ತಾರಿಹಾಳ ಕಡೆ ಲೇಸರ್ ಕಟಿಂಗಿಗೆ ಕೊಡೂದಾದ್ರ ಈ ತಾಪತ್ರಯ ಇಲ್ಲ, ಎಷ್ಟು ಹಲ್ಲಿಂದು ಬೇಕಾದ್ರೂ ಆಗತೈತಿ. ಆದ್ರ ಡ್ರಾಯಿಂಗ್ ನೀವ ಕೊಡಬೇಕು.

ಲೆಕ್ಕ ಸರಳ ಐತಿ. ರೋಲರಿನ ನಡುಗಳು ಕೂಡೂ ವೃತ್ತದ ವ್ಯಾಸ ಅಂದ್ರ ಪಿಚ್ಚನ್ನ, 180 ಭಾಗಿಸು ಹಲ್ಲು ಅನ್ನೂ ಕೋನದ ಸೈನ್‌ನಿಂದ ಭಾಗಿಸೂದು. ಮೊಬೈಲ್ ಕ್ಯಾಲ್ಕುಲೇಟರ್ ಅಡ್ಡ ಹಿಡದ್ರ ಸೈನ್ ಬರ್ತೈತಿ, ಡಿಗ್ರಿ ಮೋಡಿನ್ಯಾಗ ಐತೇನು ನೋಡ್ಕೋರಿ. 15 ಹಲ್ಲಿಗೆ 19.05ನ್ನ ಸೈನ್ 12ರಿಂದ ಭಾಗಿಸಿದ್ರ 91.63 ಮಿಮೀ. 45ಕ್ಕ ಸೈನ್ 4, ಅಂದ್ರ 273.09. ಇದರಾಗ ರೋಲರ್ ದಪ್ಪ 12.07 ಕಳದ್ರ ಕುಣಿಯ ತಳದ ವ್ಯಾಸ: 79.56 ಮತ್ತ 261.02. ಹೊರಗಿನ ವ್ಯಾಸಕ್ಕ ಸ್ವಲ್ಪ ಸಡಿಲ ಐತಿ, ಸಣ್ಣದಕ್ಕ 100, ದೊಡ್ಡದಕ್ಕ 283 ಇಟ್ಕೋರಿ. ಹಲ್ಲು ಎತ್ತರ ಇದ್ರ ಗಟ್ಟಿ ಹಿಡೀತೈತಿ ಅಂತ ಹೊರ ವ್ಯಾಸ ಹೆಚ್ಚು ಬಿಡೂ ಮಂದಿ ಭಾಳ ಅದಾರ. ಹಂಗ ಬಿಟ್ರ ಚೈನು ಬಿಟ್ಟು ಹೋಗುವಾಗ ರೋಲರ್ ತುದಿಗೆ ತಾಗತೈತಿ.

ಕುಣಿಯ ಅರ್ಧವ್ಯಾಸ ರೋಲರಿನ ದಪ್ಪದ 0.505 ಪಟ್ಟಿಗಿಂತ ಕಡಿಮಿ ಇರಬಾರದು. ಇಲ್ಲಿ 6.1, ಅಂದ್ರ 12.2 ಮಿಮೀ ಡ್ರಿಲ್ಲು. 12.5ರ ತನಕ ನಡೀತೈತಿ, ಅದರಾಚಿಗಿ ಬ್ಯಾಡ. 91.63ರ ವೃತ್ತದ ಮ್ಯಾಲೆ ಡಿವೈಡಿಂಗ್ ಹೆಡ್ಡಿನಿಂದ 15 ತೂತು ಹೊಡಸ್ರಿ. ಕಂಪಾಸಿನಿಂದ ಒಂದರ ಹಿಂದ ಒಂದು ಗುರ್ತು ಮಾಡಕೋತ ಹೋದ್ರ ಕೂದಲೆಳಿ ತಪ್ಪು ಹದಿನೈದು ಸಲ ಕೂಡಿ ಕಡೀ ಹಲ್ಲಿಗೆ ಬಂದು ಬೀಳತೈತಿ. ಇನ್ನ ಹಲ್ಲಿನ ಮೈ. ಪಕ್ಕದ ತೂತಿನ ನಡುವಿಗೆ ಕಂಪಾಸ್ ಮುಳ್ಳು ಊರಿ, ಪಿಚ್‌ನಾಗ ಅರ್ಧ ರೋಲರ್ ಕಳದಷ್ಟು, ಅಂದ್ರ 13 ಮಿಮೀ, ಕಮಾನು ಎಳೀರಿ. ಚೈನು ಬಿಚ್ಚಿಕೊಂಡು ನೆಟ್ಟಗಾಗುವಾಗ ಒಂದು ರೋಲರ್ ಪಕ್ಕದ ರೋಲರಿನ ಸುತ್ತ ತಿರಗತೈತಿ, ಅದರ ದಾರಿನ ಆ ಕಮಾನು. ಹಲ್ಲು ಆ ಗೆರಿ ದಾಟಬಾರದು. ಒಂಚೂರು ಆಟ ಬಿಟ್ಟು 12.8ಕ್ಕ ಎಳದ್ರ ಸರಿಹೋಗತೈತಿ. ಹಿಂಗ ಎರಡೂ ಕಡಿಂದ ಎಳದು 100ಕ್ಕ ಟರ್ನಿಂಗ್ ಮಾಡಿದ್ರ ಹಲ್ಲಿನ ತುದಿ ನಾಕೂವರಿ ಮಿಮೀ ಅಗಲ ಉಳೀತೈತಿ, ಚೂಪು ಆಗಂಗಿಲ್ಲ.

ವೀಲು ಕೈಗೆ ಬಂದ ಮ್ಯಾಲೆ ರೊಕ್ಕ ಕೊಡೂಕಿಂತ ಮದಲ ಒಂದು ಪರೀಕ್ಷೆ ಮಾಡ್ರಿ. ಚೈನಿನ ಎರಡು ಹೊಸಾ ರೋಲರ್ ಬಿಚ್ಚಿ ಇಟ್ಕೊಂಡು ಎದರಾಬದರು ಕುಣಿಯಾಗ ಕೂಡ್ಸಿ, ಅವುಗಳ ಹೊರಗಿನಿಂದ ವರ್ನಿಯರ್ ಹಚ್ರಿ. 15 ಬೆಸ ಸಂಖ್ಯೆ, ಹಿಂಗಾಗಿ ಕುಣಿಗಳು ನೇರಾ ಎದರಿಗೆ ಬರಂಗಿಲ್ಲ, ಲೆಕ್ಕದ ಪ್ರಕಾರ 103.2 ಬರಬೇಕು. ಸುತ್ತೂ ಅಷ್ಟ ಬಂದ್ರ ಕಣ್ಣು ಮುಚ್ಚಿ ತಗೋರಿ. ಒಂದು ಕಡೆ 103.2, ಇನ್ನೊಂದು ಕಡೆ 103.8 ಬಂದ್ರ ವಾಪಸ್ ಕೊಡ್ರಿ.

ದಪ್ಪದಾಗ ಎಲ್ಲಾರೂ ಎಡವ್ತಾರ. ಮಾರ್ಕೆಟ್ಟಿನ್ಯಾಗ 12 ಎಂಎಂ ಪ್ಲೇಟು ಸಿಗತೈತಿ, ಹಂಗ ಕೊಯ್ಸಿ ತರ್ತಾರ. ಚೈನಿನ ಒಳ ಅಗಲ 11.68 ಇದ್ದಾಗ 12 ಎಲ್ಲಿ ಹೋಗಬೇಕು? ಹಲ್ಲಿನ ದಪ್ಪ ಒಳ ಅಗಲದ ನೂರಕ್ಕ 95, ಇಲ್ಲಿ 11 ಮಿಮೀ. ಹಲ್ಲಿನ ಜಾಗಾ ಅಷ್ಟು ಫೇಸಿಂಗ್ ಹೊಡಸಿ ತೆಳ್ಳಗ ಮಾಡಸ್ರಿ, ತುದಿಯ ಎರಡೂ ಮಗ್ಗಲು ಎರಡೂವರಿ ಮಿಮೀ ಓರೆ ತಗಸ್ರಿ. ಒಂದೀಟು ಸೊಟ್ಟ ಬಂದ ಚೈನು ಆಗ ಜಾರಿ ಒಳಗ ಕೂಡತೈತಿ.

ಸಣ್ಣ ವೀಲಿಗೆ ಇಎನ್8 ಉಕ್ಕು ಹಾಕಿ ಹಲ್ಲಿಗೆ ಇಂಡಕ್ಷನ್ ಹಾರ್ಡನಿಂಗ್ (ಕಾಯಿಸಿ ಮೈ ಗಟ್ಟಿ ಮಾಡೂದು) ಮಾಡಸ್ರಿ. ದೊಡ್ಡದು ಎಂಎಸ್ (ಸಾದಾ ಮೆತ್ತನ್ನ ಉಕ್ಕು) ಆದ್ರೂ ನಡೀತೈತಿ, ಅದರ ಒಂದೊಂದು ಹಲ್ಲಿಗೆ ಪಾಳಿ ಬರೂದು ಮೂರರಾಗ ಒಂದು ಪಾಲು. ಹಬ್ (ಶಾಫ್ಟ್ ಕೂಡೂ ನಡುವಿನ ಭಾಗ) ವೆಲ್ಡಿಂಗ್ ಮದಲ ಆಗಬೇಕು. ಆಮ್ಯಾಲೆ ಒಂದ ಸೆಟಿಂಗಿನ್ಯಾಗ ಬೋರು (ಶಾಫ್ಟಿನ ತೂತು), ಹೊರ ವ್ಯಾಸ ಎರಡೂ ತಗದು, ಕಡೀಕ ಹಲ್ಲು ಕೊಯ್ಯಬೇಕು. ಹಲ್ಲು ಕೊಯ್ದ ಮ್ಯಾಲೆ ವೆಲ್ಡ್ ಮಾಡಿದ್ರ ಪ್ಲೇಟು ಸೊಟ್ಟಗಾಗತೈತಿ. ಖರೇ ಹೇಳ್ಬೇಕಂದ್ರ 15 ಹಲ್ಲಿಂದು ಮಾಡಸೂ ಗೋಜಿಗೆ ನಾನಾಗಿದ್ರ ಹೋಗ್ತಿದ್ದಿಲ್ಲ. ಪೈಲಟ್ ಬೋರ್ ಅಂತ ಸಣ್ಣ ತೂತಿನ ರೆಡಿ ವೀಲು ಬರ್ತಾವ, ನಿಮ್ಮ ಶಾಫ್ಟಿಗೆ ಬೋರು, ಕೀ ವೇ (ಕೀ ಕೂಡೂ ಸಂದು) ಹೊಡಸ್ಕೊಂಡ್ರ ಆತು. ದೊಡ್ಡದು ಅಷ್ಟ ಮಾಡಸ್ರಿ.

ಎರಡು ಶಾಫ್ಟಿನ ನಡುವ ಎರಡು ಫೂಟು ಅಂದೀರಿ. ಪಿಚ್ಚಿನ 30ರಿಂದ 50 ಪಟ್ಟು ಇರಬೇಕು, ನಿಮ್ಮದು 32, ಸಾಕು. ಚೈನಿಗೆ 94.7 ಕೊಂಡಿ ಬರ್ತಾವ. 95 ಹಾಕಾಕ ಹಾಫ್ ಲಿಂಕ್ (ಬೆಸ ಸಂಖ್ಯೆ ಕೂಡಸೂ ಸೊಟ್ಟ ಕೊಂಡಿ) ಬೇಕಾಗತೈತಿ, ಇಡೀ ಚೈನಿನ್ಯಾಗ ಸೋಲೂ ಜಾಗಾ ಅದ. 96 ಹಾಕಿ ಗೇರ್‌ಬಾಕ್ಸ್ ಹಿಂದ ಸರಸ್ರಿ, ಅಂತರ 622 ಮಿಮೀ ಆಗತೈತಿ. ಬೇಸ್ ತೂತು ಉದ್ದಕ ಮಾಡಸ್ಕೋರಿ, ಮುಂದ ಟೈಟ್ ಮಾಡಾಕೂ ಬೇಕಾಗತೈತಿ. ಸಡಿಲ ಮಗ್ಗಲು ಕೆಳಗ ಇರ್ಲಿ, ನಡುವ ಬೆರಳಿನಿಂದ ಒತ್ತಿದ್ರ 12ರಿಂದ 25 ಮಿಮೀ ಆಡಬೇಕು. ಎರಡೂ ವೀಲಿನ ಮುಖಕ್ಕ ಒಂದು ದಾರ ಬಿಗಿದು ಹಿಡದು ನೋಡ್ರಿ, ನಾಕೂ ಕಡೆ ತಾಗಬೇಕು.

ಚೈನು "ಉದ್ದ ಆತು" ಅಂತೀವಲ್ಲ, ಪ್ಲೇಟು ಜಗ್ಗಿ ಉದ್ದ ಆಗೂದಲ್ಲ ಅದು. ಬುಶ್ಶಿನ ರೋಲರ್ ಚೈನು 1880ರಾಗ ಮ್ಯಾಂಚೆಸ್ಟರಿನ ಹ್ಯಾನ್ಸ್ ರೆನೋಲ್ಡ್ ಮಾಡಿದಾಗಿಂದ ಸವಿಯೂ ಜಾಗಾ ಪಿನ್ನಿಗೂ ಬುಶ್ಶಿಗೂ ನಡುವ ಐತಿ. ಪ್ರತಿ ಕೊಂಡಿಯಾಗ ಕೂದಲಷ್ಟು ಸವದ್ರ ಪಿಚ್ ಬೆಳೀತೈತಿ, ಬೆಳದ ಚೈನು ಹಲ್ಲಿನ ಮ್ಯಾಲ ಮ್ಯಾಲಕ್ಕ ಕೂಡತೈತಿ. 20 ಕೊಂಡಿ ಜಗ್ಗಿ ಹಿಡದು ಅಳೀರಿ: ಹೊಸಾದು 381 ಮಿಮೀ, 392 ಆಯ್ತೋ ತಗದು ಒಗೀರಿ. ಹಳೇ ಚೈನ್ ಹೊಸಾ ವೀಲಿಗೆ ಹಾಕಿದ್ರ ವೀಲೂ ಹೋತು. ಗ್ರೀಸ್ ಬಳಿಯಬ್ಯಾಡ್ರಿ, ಗೋವಿನಜೋಳದ ಹೊಟ್ಟು ಅದಕ್ಕ ಹತ್ತಿ ಮುಲಾಮಿನಂಗ ಕೂಡತೈತಿ, ಒಳಗ ಪಿನ್ನಿಗೆ ಏನೂ ಮುಟ್ಟಂಗಿಲ್ಲ. ಸಂಜೀಕ ಮಷಿನ್ ಬಂದ್ ಮಾಡಿದ ಮ್ಯಾಲೆ, ಚೈನು ಬಿಸಿ ಇರ್ತಾ, ಕೈಲೆ ತಿರಗಿಸ್ಕೋತ ಪ್ಲೇಟಿನ ಸಂದಿಗೆ 40 ನಂಬರ್ ಎಣ್ಣಿ ಹನಿಸ್ರಿ. ಓಡೋ ಚೈನಿಗೆ ಕೈ ಹಚ್ಚಬ್ಯಾಡ್ರಿ, ಮ್ಯಾಲೊಂದು ತಗಡಿನ ಕವರ್ ಇರ್ಲಿ.

ಗದಗಿನ ತಮ್ಮ ಕೆಳಗ ಕೇಳ್ಯಾನ, ದನದ ಕೊಟ್ಟಿಗಿ ಸಗಣಿ ಬಳಿಯೂ ಕೊಂಡಿ ಸರಪಳಿಗೂ ಇದ ಲೆಕ್ಕ ಏನು ಅಂತ. ಅಲ್ಲಪಾ. ಅದರಾಗ ಒಂದು ಕೊಂಡಿ ಅಡ್ಡ ಮಲಗತೈತಿ, ಮುಂದಿಂದು ನೆಟ್ಟಗ ನಿಲ್ಲತೈತಿ. ಮಲಗಿದ್ದಕ್ಕ ಗೂಡು, ನಿಂತದ್ದಕ್ಕ ನಡುವ ಸಂದು ಬೇಕು, ಚೈನ್ ಪುಲ್ಲಿ ಬ್ಲಾಕಿನ ಒಳಗಿನ ವೀಲ್ ನೋಡು, ಹಂಗ. ವ್ಯಾಸ ತಗಿಯೂದು ಹಿಂಗ: ಕೊಂಡಿಯ ಒಳ ಉದ್ದಾನ್ನ, 90 ಭಾಗಿಸು ಗೂಡಿನ ಸಂಖ್ಯೆ ಆ ಕೋನದ ಸೈನ್‌ನಿಂದ ಭಾಗಿಸಿ ವರ್ಗ ಮಾಡು, ಸರಳಿನ ದಪ್ಪಾನ್ನ ಅದ ಕೋನದ ಕಾಸ್‌ನಿಂದ ಭಾಗಿಸಿ ವರ್ಗ ಮಾಡು, ಎರಡೂ ಕೂಡ್ಸಿ ವರ್ಗಮೂಲ ತಗಿ. ಕೊಂಡಿ ಒಳ ಉದ್ದ ಎಲ್ಲಾ ಒಂದ ಸಮ ಇರೋ ಸರಪಳಿ ಇದ್ರ ಮಾತ್ರ ಕೈ ಹಾಕು. ದನಾ ಕಟ್ಟೂ ಸಾದಾ ಸರಪಳಿ ಈ ಕೆಲಸಕ್ಕ ಬರಂಗಿಲ್ಲ.

ಅಣ್ಣಾರ, ಗೇರ್‌ಬಾಕ್ಸ್ ಶಾಫ್ಟಿನ ದಪ್ಪ ಮತ್ತ ಕೀ ಅಗಲ ಎಷ್ಟು ಅಂತ ಇಲ್ಲೇ ಹಾಕ್ರಿ. 15 ಹಲ್ಲಿನ ವೀಲಿಗೆ ಆ ಬೋರು ಹಿಡಸತೈತೋ ಇಲ್ಲೋ ನೋಡಿ ಹೇಳ್ತೇನಿ.