ಜಪಾನಿಗೆ ಹೊರಟಿರುವ ತಂಗಿಗೆ

ತಂಗಿ, ಮಂಡ್ಯದಲ್ಲಿ ನರ್ಸಿಂಗ್ ಮುಗಿಸಿ ಇಲ್ಲಿಯ ವೃದ್ಧಾಶ್ರಮವೊಂದಕ್ಕೆ ಆರೈಕೆಯ ಕೆಲಸಕ್ಕೆ ಬರುತ್ತಿದ್ದೀಯೆ. ಚಳಿ ಹೇಗೆ, ಊಟ ಹೇಗೆ, ಮುಂದೆ ಅಪ್ಪ ಅಮ್ಮನನ್ನು ಕರೆಸಿಕೊಳ್ಳಬಹುದೇ ಎಂದು ಕೇಳಿದ್ದೀಯೆ. ಚಳಿಗೆ ದಪ್ಪ ಕಾಲುಚೀಲ ತಂದುಕೋ. ರಾಗಿಹಿಟ್ಟು ಟೋಕಿಯೋದ ಭಾರತೀಯ ಅಂಗಡಿಗಳಲ್ಲಿ ಸಿಗುತ್ತದೆ, ಆದರೆ ಬೆಲೆ ನೆನೆದರೆ ಮುದ್ದೆ ಗಂಟಲಿಗೆ ಇಳಿಯುವುದಿಲ್ಲ.

ಅಪ್ಪ ಅಮ್ಮನ ಆಸೆ ಬಿಡು. ನೀನು ಬರುವ 'ನಿರ್ದಿಷ್ಟ ಕೌಶಲ' ವೀಸಾದ ಮೊದಲ ಹಂತ ಸಾಮಾನ್ಯವಾಗಿ ಒಟ್ಟು 5 ವರ್ಷ, ಆಗ ಗಂಡ ಮಕ್ಕಳನ್ನೂ ಕರೆತರುವಂತಿಲ್ಲ. ಆರೈಕೆಯ ರಾಷ್ಟ್ರೀಯ ಪರೀಕ್ಷೆ ಪಾಸಾಗಿ ವೀಸಾ ಬದಲಾದರೆ ಅವರಿಗೆ ದಾರಿಯುಂಟು, ಹೆತ್ತವರಿಗಿಲ್ಲ. ಏಜೆಂಟ್ ಬೇರೇನಾದರೂ ಹೇಳಿದರೆ ನಂಬಬೇಡ.

ನಾನು ಬಂದ ಹೊಸತರಲ್ಲಿ ಎದುರು ಮನೆಯ ಅಜ್ಜಿಯನ್ನು ವ್ಯಾನೊಂದು ಬೆಳಿಗ್ಗೆ ಗಾಲಿಕುರ್ಚಿ ಸಮೇತ ಹತ್ತಿಸಿಕೊಂಡು ಹೋಗುತ್ತಿತ್ತು. ಪಾಪ, ಆಸ್ಪತ್ರೆಗೆ ಎಂದುಕೊಂಡಿದ್ದೆ. ಸ್ನಾನ, ಊಟ, ವ್ಯಾಯಾಮ ಮಾಡಿಸಿ ಸಂಜೆ ಮನೆಗೆ ಬಿಡುವ ಡೇ ಸರ್ವೀಸ್ ಅದು. 2000ದಲ್ಲಿ ಆರಂಭವಾದ ಕೈಗೊ ವಿಮೆಯ, ಅಂದರೆ ಆರೈಕೆ ವಿಮೆಯ, ಸೌಲಭ್ಯ. 40 ತುಂಬಿದವರೆಲ್ಲ ಕಂತು ಕಟ್ಟಬೇಕು, ನನ್ನ ಸಂಬಳದಲ್ಲೂ ಹಿಡಿಯುತ್ತಾರೆ. ಸೌಲಭ್ಯ ಪಡೆಯುವವರಲ್ಲಿ ಹೆಚ್ಚಿನವರು ಖರ್ಚಿನ ಹತ್ತರಲ್ಲೊಂದು ಪಾಲು ಕೊಟ್ಟರೆ ಸಾಕು. ಯಾರಿಗೆ ಎಷ್ಟು ನೆರವು ಬೇಕೆಂದು ತಿಳಿಯಲು ಮನೆಗೇ ಬಂದು 74 ಅಂಶ ವಿಚಾರಿಸುತ್ತಾರೆ. ಒಂಟಿ ಕಾಲಿನಲ್ಲಿ ನಿಲ್ಲಬಲ್ಲಿರಾ? ಈಗ ಚಳಿಗಾಲವೋ ಬೇಸಿಗೆಯೋ? ಉಗುರು ನೀವೇ ಕತ್ತರಿಸಿಕೊಳ್ಳುತ್ತೀರಾ? ಆ ದಿನ ಮುದುಕರಿಗೆ ಎಲ್ಲಿಲ್ಲದ ಉತ್ಸಾಹ ಬಂದು ಎಲ್ಲಕ್ಕೂ ಹೂಂ ಎನ್ನುತ್ತಾರೆ. ಅದಕ್ಕೇ ಮನೆಯವರೂ ಜೊತೆಗಿರಬೇಕು.

ಮಂಡ್ಯದಲ್ಲಿರುವ ನನ್ನ ಅಮ್ಮನೂ ಅದೇ ಜಾತಿ. "ನನಗೇನಾಗಿದೆ, ಗುಂಡುಕಲ್ಲಿನ ಹಾಗಿದ್ದೇನೆ" ಎನ್ನುವಳು. ವಿಡಿಯೋ ಕರೆಯಲ್ಲಿ ಮುಖ ಮಾತ್ರ ತಾನೇ ಕಾಣುವುದು. ಸಕ್ಕರೆ ಕಾಯಿಲೆಯವಳು, ಬಗ್ಗಲಾಗದೆ ಬಿಟ್ಟ ಹೆಬ್ಬೆರಳಿನ ಉಗುರು ಮಾಂಸಕ್ಕೆ ಚುಚ್ಚಿ ಕೀವಾಯಿತು. ಚಿಕ್ಕಮ್ಮನಿಗೆ ವಾಸನೆ ಬಂದ ಮೇಲೆ ಗೊತ್ತಾದದ್ದು. ಬೆರಳು ತೆಗೆಸಬೇಕಾಯಿತು. ಆ ತಿಂಗಳೂ ನಾನು ಹಣ ಕಳುಹಿಸಿದ್ದೆ. ಆ ತಿಂಗಳೂ ನನ್ನ ಕಂತು ಕಡಿತವಾಗಿ, ಎದುರು ಮನೆಯ ಅಜ್ಜಿಯ ಉಗುರನ್ನು ಯಾರೋ ನೀಟಾಗಿ ಕತ್ತರಿಸಿದ್ದರು.

ನಮ್ಮಲ್ಲೂ ಏನೂ ಇಲ್ಲವೆಂದಲ್ಲ. ಸಂಧ್ಯಾ ಸುರಕ್ಷಾ ಪಿಂಚಣಿ ಇದೆ. ಮಕ್ಕಳು ನೋಡಿಕೊಳ್ಳದಿದ್ದರೆ ಜೀವನಾಂಶ ಕೇಳಲು 2007ರ ಕಾಯ್ದೆ ಇದೆ. ಹಿರಿಯರಿಗೆಂದೇ 14567 ಸಹಾಯವಾಣಿ ಇದೆ, ಸಲಹೆ ಕೊಡುತ್ತಾರೆ. ವಾರಕ್ಕೊಮ್ಮೆ ಕಾಲು ತೊಳೆದು ನೋಡುವವರನ್ನು ಮಾತ್ರ ನಾವೇ ಹುಡುಕಿಕೊಳ್ಳಬೇಕು. ಹೊರಡುವ ಮೊದಲೇ ನಿಮ್ಮ ಬೀದಿಯಲ್ಲಿ, ಅಮ್ಮನಿಗೆ ಒಗ್ಗುವ ಒಬ್ಬ ಹೆಂಗಸನ್ನು ಗೊತ್ತುಮಾಡು. ಸಂಬಳ ಕೊಟ್ಟೇ ಗೊತ್ತುಮಾಡು. ನೆಂಟರಿಗೆ ಒಪ್ಪಿಸಿದರೆ, ಹೋಗಿ ನೋಡಿದಿರಾ ಎಂದು ವಿಚಾರಿಸಲೂ ಬಾಯಿ ಬರುವುದಿಲ್ಲ. ಕರೆ ಮಾಡಿದಾಗ ಪಾದ ತೋರಿಸಲು ಹೇಳು. ಬೈಯುತ್ತಾರೆ, ಬೈಯಲಿ.

ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಪ್ರತಿ ಕಳುಹಿಸು. ವಸತಿ ಬಾಡಿಗೆಯೆಂದು ಎಷ್ಟು ಹಿಡಿಯುತ್ತಾರೋ ಓದಿ ಹೇಳುತ್ತೇನೆ.